ಎರಡು ಓಮ್‌ನ ಸತ್ಯ, ಎರಡು ಓಮ್‌ನ ಸುಳ್ಳು

ಕಾರು ರಿಪೇರಿಯಲ್ಲಿ ದೋಷದ ಕೋಡ್ ಓದುವ ಸ್ಕ್ಯಾನರ್‌ಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಅಪಘಾತದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದುಕೊಳ್ಳುವ ಸೀಟ್ ಬೆಲ್ಟ್ ಪ್ರಿಟೆನ್ಷನರ್‌ನ ವಿಷಯದಲ್ಲಂತೂ ಈ ಹುಸಿ ಹೆಸರು ಅಪಾಯಕಾರಿ. ಏರ್‌ಬ್ಯಾಗ್ ದೀಪ ಹೊತ್ತಿಕೊಳ್ಳುತ್ತದೆ, ಸ್ಕ್ಯಾನರ್ ಜೋಡಿಸಿದರೆ ಒಂದು ಕೋಡ್ ಬರುತ್ತದೆ, ಕೋಡ್‌ನ ಪಕ್ಕದಲ್ಲಿ ಪ್ರಿಟೆನ್ಷನರ್ ಎಂದು ಬರೆದಿರುತ್ತದೆ. ಪತ್ತೆ ಅಲ್ಲಿಗೆ ಮುಗಿಯಿತೆಂದೇ ಅನೇಕರು ತಿಳಿಯುತ್ತಾರೆ. ಒಂದು ಕಡೆ ಕೋಡ್ ಅಳಿಸಿ ಕಳಿಸುತ್ತಾರೆ. ಇನ್ನೊಂದು ಕಡೆ ಇಡೀ ಬೆಲ್ಟ್ ಬದಲಿಸಿ ಬಿಲ್ ಕೊಡುತ್ತಾರೆ. ಎರಡೂ ಪತ್ತೆಯಲ್ಲ.

ಕೋಡ್ ನಿಜವಾಗಿ ಏನು ಹೇಳುತ್ತದೆ? ಟೊಯೊಟಾದ ಅನೇಕ ಮಾದರಿಗಳ ಕೈಪಿಡಿಯಲ್ಲಿ ಚಾಲಕನ ಬದಿಯ ಪ್ರಿಟೆನ್ಷನರ್‌ಗೆ ನಾಲ್ಕು ಕೋಡ್‌ಗಳಿವೆ. ಬಿ1900 ಎಂದರೆ ಸರ್ಕ್ಯೂಟ್ ಶಾರ್ಟ್, ಬಿ1901 ಎಂದರೆ ಓಪನ್, ಬಿ1902 ಎಂದರೆ ಅರ್ಥ್‌ಗೆ ಶಾರ್ಟ್, ಬಿ1903 ಎಂದರೆ ಬ್ಯಾಟರಿಯ ಧನಕ್ಕೆ ಶಾರ್ಟ್. ನಾಲ್ಕೂ ಸರ್ಕ್ಯೂಟ್‌ನ ಮಾತಾಡುತ್ತವೆ, ಬಿಡಿಭಾಗದ ಮಾತಾಡುವುದಿಲ್ಲ. ಆ ಸರ್ಕ್ಯೂಟ್‌ನಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಇದೆ, ವೈರಿಂಗ್ ಇದೆ, ಕನೆಕ್ಟರ್‌ಗಳಿವೆ, ಕೊನೆಯಲ್ಲಿ ಪ್ರಿಟೆನ್ಷನರ್ ಇದೆ. ಸ್ಕ್ಯಾನರ್‌ನ ಉಪಕಾರವನ್ನು ಅಲ್ಲಗಳೆಯುತ್ತಿಲ್ಲ. ದೋಷ ಯಾವ ಬದಿಯದು, ಯಾವ ಬಗೆಯದು, ಈಗಲೂ ಇದೆಯೋ ಹಿಂದೆಂದೋ ಬಂದು ಹೋಗಿದೆಯೋ ಎಂಬುದನ್ನು ಅದು ಹೇಳಬಲ್ಲದು. ಎಲ್ಲಿದೆ ಎಂಬುದನ್ನು ಹೇಳಲಾರದು. ರಿಪೇರಿಗೆ ಬೇಕಾದದ್ದು ಆ ಒಂದೇ ಉತ್ತರ.

ಆ ಉತ್ತರ ಕೊಡುವ ವಿಧಾನ ಅದೇ ಕೈಪಿಡಿಯಲ್ಲಿದೆ. ಸ್ಕ್ಯಾನರ್‌ನ ಜನಪ್ರಿಯತೆಯ ನಡುವೆ ಅದು ಮೂಲೆಗುಂಪಾಗಿದೆ. ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಋಣ ತಂತಿ ಬಿಚ್ಚಿ, ಕನಿಷ್ಠ 90 ಸೆಕೆಂಡು ಕಾಯಬೇಕು. ಬ್ಯಾಟರಿ ಕಡಿದುಹೋದರೂ ಸಿಡಿಸಬಲ್ಲಷ್ಟು ವಿದ್ಯುತ್ತನ್ನು ಕಂಟ್ರೋಲರ್ ಸ್ವಲ್ಪ ಹೊತ್ತು ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಆಮೇಲೆ ಪ್ರಿಟೆನ್ಷನರ್‌ನ ಕನೆಕ್ಟರ್ ಬಿಚ್ಚಬೇಕು. ಪ್ರಿಟೆನ್ಷನರ್‌ಗೆ ಮಲ್ಟಿಮೀಟರ್ ತಾಗಿಸುವಂತೆಯೇ ಇಲ್ಲ. ಒಳಗಿರುವುದು ಸ್ಫೋಟಕ, ಅದನ್ನು ಹೊತ್ತಿಸುವುದು ವಿದ್ಯುತ್ತು. ಅಳೆಯಲು ಹೋದವನ ಕೈಯಲ್ಲೇ ಸಿಡಿದೀತು. ಅದರ ಬದಲು ವೈರಿಂಗ್ ಬದಿಯ ಕನೆಕ್ಟರ್‌ಗೆ 2.1 ಓಮ್‌ನ ಪರೀಕ್ಷಾ ಉಪಕರಣವೊಂದನ್ನು ಜೋಡಿಸುತ್ತಾರೆ. ಸರಿಯಾಗಿರುವ ಪ್ರಿಟೆನ್ಷನರ್‌ನ ರೋಧವೂ ಸುಮಾರು ಎರಡು ಓಮ್ ಆದ್ದರಿಂದ ಕಂಟ್ರೋಲರ್‌ಗೆ ಈ ಉಪಕರಣ ಒಳ್ಳೆಯ ಪ್ರಿಟೆನ್ಷನರ್‌ನಂತೆಯೇ ಕಾಣುತ್ತದೆ. ಬ್ಯಾಟರಿ ಮತ್ತೆ ಹಾಕಿ, ಕೋಡ್ ಅಳಿಸಿ, ಇಗ್ನಿಷನ್ ಆನ್ ಮಾಡಿ ಕಾಯಬೇಕು. ಕೋಡ್ ಮರಳದಿದ್ದರೆ ದೋಷ ಪ್ರಿಟೆನ್ಷನರ್‌ನದು. ಮರಳಿದರೆ ದೋಷ ವೈರಿಂಗ್‌ನದು ಅಥವಾ ಕಂಟ್ರೋಲರ್‌ನದು.

ಈ ವಿಧಾನದಲ್ಲಿ ಕೋಡ್ ಅಳಿಸುವುದಕ್ಕೆ ಇರುವ ಸ್ಥಾನವನ್ನು ಗಮನಿಸಿ. ಇಲ್ಲಿ ಅಳಿಸುವುದು ಕಾರಿಗೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವುದಕ್ಕಾಗಿ. ಗ್ಯಾರೇಜಿನಲ್ಲಿ ಅಳಿಸುವುದು ಪ್ರಶ್ನೆಯ ಬಾಯಿ ಮುಚ್ಚಿಸುವುದಕ್ಕಾಗಿ. ವೈರಿಂಗ್ ಪರೀಕ್ಷೆಯೂ ಅಷ್ಟೇ ಎಚ್ಚರ ಬೇಡುತ್ತದೆ. ಕನೆಕ್ಟರ್ ಬಿಚ್ಚಿದೊಡನೆ ಎರಡು ಪಿನ್‌ಗಳನ್ನು ತಾನಾಗಿ ಕೂಡಿಸುವ ಸಣ್ಣ ಸ್ಪ್ರಿಂಗ್ ಈ ವ್ಯವಸ್ಥೆಯಲ್ಲಿ ಇರುತ್ತದೆ. ಆಕಸ್ಮಿಕ ಸ್ಫೋಟ ತಡೆಯುವುದು ಅದರ ಕೆಲಸ. ಅದನ್ನು ಬಿಡಿಸದೆ ತಂತಿಗಳ ನಡುವೆ ಮೀಟರ್ ಹಿಡಿದರೆ ಒಳ್ಳೆಯ ವೈರಿಂಗ್ ಕೂಡ ಶಾರ್ಟ್ ಆದಂತೆ ಕಾಣುತ್ತದೆ. ಬಕಲ್ ಬದಿಯಲ್ಲಿ ಪ್ರಿಟೆನ್ಷನರ್ ಇರುವ ಕಾರುಗಳಲ್ಲಿ ತಂತಿ ಸೀಟಿನಡಿಯಲ್ಲಿ ಹಾದು, ಸೀಟು ಸರಿದಂತೆಲ್ಲ ತಾನೂ ಸರಿಯುತ್ತದೆ. ಸೀಟ್ ಕವರ್ ಹಾಕಿಸಿದ, ಒಳಗೆ ತೊಳೆಸಿದ ಮೇಲೆ ದೀಪ ಹೊತ್ತಿದರೆ ಮೊದಲು ನೋಡಬೇಕಾದದ್ದು ಅಲ್ಲಿನ ಹಳದಿ ಕನೆಕ್ಟರನ್ನು.

ಈಗ ಈ ವಿಧಾನವನ್ನೇ ತಿರುಚಿದವರ ಮಾತು. ಪ್ರಿಟೆನ್ಷನರ್‌ನ ಜಾಗಕ್ಕೆ ಎರಡು ಓಮ್ ರೆಸಿಸ್ಟರ್ ಸೇರಿಸಿ, ಟೇಪ್ ಸುತ್ತಿ, ದೀಪ ಆರಿಸಿ ಕಾರು ಕೊಡುವುದನ್ನು ಜಾಣತನವೆಂದು ಹೊಗಳುವವರಿದ್ದಾರೆ. ಹತ್ತಾರು ಸಾವಿರದ ಖರ್ಚನ್ನು ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಸಿದ ದೇಸಿ ಬುದ್ಧಿ ಎನ್ನುತ್ತಾರೆ. ಈ ಹೊಗಳಿಕೆಯನ್ನು ನಾನು ಪೂರ್ತಿಯಾಗಿ ತಿರಸ್ಕರಿಸುತ್ತೇನೆ. ಉಪಕರಣ ಅದೇ, ಓಮ್ ಅದೇ. ಪರೀಕ್ಷಕ ಅದನ್ನು ಸತ್ಯ ತಿಳಿಯಲು ಹಾಕಿ ತೆಗೆಯುತ್ತಾನೆ, ಇವರು ಸುಳ್ಳು ಹೇಳಲು ಹಾಕಿ ಬಿಡುತ್ತಾರೆ. ಅಂಥ ಕಾರಿನಲ್ಲಿ ದೀಪ ಕ್ರಮವಾಗಿ ಹೊತ್ತಿ ಕ್ರಮವಾಗಿ ಆರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ಅಪಘಾತದ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ ಬೆಲ್ಟಿನ ಸಡಿಲನ್ನು ಎಳೆದುಕೊಳ್ಳಬೇಕಾದ ಸಾಧನಕ್ಕೆ ಆಜ್ಞೆಯೇ ಮುಟ್ಟುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನವರ ವಾದ ಹೆಚ್ಚು ಗೌರವಸ್ಥವಾಗಿ ಕೇಳಿಸುತ್ತದೆ: ಸುರಕ್ಷತೆಯ ವಿಷಯದಲ್ಲಿ ಚೌಕಾಸಿ ಬೇಡ, ಇಡೀ ಭಾಗ ಬದಲಿಸಿಬಿಡಿ. ಇದೂ ನನಗೆ ಒಪ್ಪಿಗೆಯಿಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ 17,362 ಕಾರುಗಳನ್ನು ಹಿಂದಕ್ಕೆ ಕರೆಸಿತು. ಶಂಕೆ ಇದ್ದದ್ದು ಏರ್‌ಬ್ಯಾಗ್ ಕಂಟ್ರೋಲರ್ ಮೇಲೆ. ಅದು ಕೈಕೊಟ್ಟರೆ ಏರ್‌ಬ್ಯಾಗೂ ಪ್ರಿಟೆನ್ಷನರೂ ಕೆಲಸ ಮಾಡದಿರಬಹುದು ಎಂದು ಕಂಪನಿಯೇ ಹೇಳಿತು. ಆಜ್ಞೆ ಕೊಡುವ ಕಂಟ್ರೋಲರ್ ಕೆಟ್ಟಾಗ ಎಷ್ಟು ಹೊಸ ಬೆಲ್ಟ್ ಹಾಕಿದರೇನು? ವೈರಿಂಗ್ ಸಡಿಲವಿದ್ದಾಗಲೂ ಇದೇ ಕಥೆ. ಹೊಸ ಭಾಗ ಕೂರಿಸುವಾಗ ಕನೆಕ್ಟರ್ ಅಲುಗಾಡಿ ದೀಪ ಆರುತ್ತದೆ, ಮಾಲೀಕ ಹಣ ಕೊಡುತ್ತಾನೆ, ಕೆಲವು ತಿಂಗಳಲ್ಲಿ ದೀಪ ಮರಳುತ್ತದೆ. ಪರೀಕ್ಷೆಯಿಲ್ಲದ ಬದಲಾವಣೆ ದುಬಾರಿ ಊಹೆಯೇ ಹೊರತು ಸುರಕ್ಷತೆಯಲ್ಲ. ಇದು ಮಿಸ್ತ್ರಿಗಳ ಮೇಲಿನ ದೂರಲ್ಲ. ತಾಳ್ಮೆಯ ಪರೀಕ್ಷೆಗೆ ಕೂಲಿ ಕೊಡಲು ಒಪ್ಪದೆ ಬಿಡಿಭಾಗಕ್ಕೆ ಮಾತ್ರ ಹಣ ಬಿಚ್ಚುವ ನಮ್ಮ ರೂಢಿಯೂ ಈ ಪದ್ಧತಿಯನ್ನು ಬೆಳೆಸಿದೆ.

ಆದ್ದರಿಂದ ಕಾರಿಟ್ಟುಕೊಂಡ ಓದುಗರಲ್ಲಿ ಒಂದು ಕೋರಿಕೆ. ಏರ್‌ಬ್ಯಾಗ್ ದೀಪಕ್ಕಾಗಿ ಗ್ಯಾರೇಜಿಗೆ ಹೋದಾಗ ದೀಪ ಆರಿತೇ ಎಂದು ಕೇಳಿ ಸುಮ್ಮನಾಗಬೇಡಿ. ಬಂದ ಕೋಡ್ ಯಾವುದು, ದೋಷ ತಂತಿಯದೋ ಭಾಗದ್ದೋ, ಅದನ್ನು ತೀರ್ಮಾನಿಸಿದ್ದು ಹೇಗೆ ಎಂದು ಕೇಳಿ. ಬದಲಿಸಿದ್ದರೆ ಹಳೆಯ ಭಾಗ ತೋರಿಸಲು ಹೇಳಿ. ಆ ಪರೀಕ್ಷೆಗೆ ತಗಲಿದ ಹೊತ್ತಿಗೆ ಸರಿಯಾದ ಕೂಲಿಯನ್ನೂ ಕೊಡಿ. ಉತ್ತರ ಸಿಗದಿದ್ದರೆ, ದೀಪ ಆರಿದ್ದರೂ, ಕಾರನ್ನು ಬೇರೆ ಕಡೆ ತೋರಿಸಿ.