ಗಾಲಿಬನ ಅರ್ಜಿ ಮತ್ತು ನಮ್ಮ ಗುಮಾಸ್ತರ ಸಂಬಳ

ಕೆಲವು ವರ್ಷಗಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವ ಕಂಪ್ಯೂಟರ್ ಆಪರೇಟರ್ ಹುಡುಗಿಯ ಕಥೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳನ್ನು ಟೈಪ್ ಮಾಡುತ್ತಾಳೆ. ಸರ್ವರ್ ನಿಂತುಹೋದರೆ ಸರದಿಯಲ್ಲಿ ನಿಂತವರ ಬೈಗುಳ ಕೇಳುತ್ತಾಳೆ. ಕೊನೆಗೆ ಮಗ್ರಿಬ್ ಅಜಾನ್ ಕೇಳಿಸುವ ಹೊತ್ತಿಗೆ ಕಿಟಕಿ ಮುಚ್ಚಿ, ಸಣ್ಣಗೆ ನಕ್ಕು ಮನೆಯ ಕಡೆ ನಡೆಯುತ್ತಾಳೆ. ಆ ನಗುವಿನಲ್ಲಿ 'ಸಬ್ರ್' ಇದೆ, ಅಂದರೆ ಸಹನೆ ಇದೆ ಎಂದು ನಾವು ನಂಬಿದ್ದೆವು. ಓದಿದವರೂ ಮೆಚ್ಚಿಕೊಂಡರು. ಅಂಥದೇ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಮಾತ್ರ ಕಥೆ ಓದಿ ಮುಗಿಸಿ ಒಂದು ಪ್ರಶ್ನೆ ಕೇಳಿದಳು: "ಎಲ್ಲಾ ಸರಿಯಾಗಿದೆ ಸರ್. ಆದ್ರೆ ಅವಳ ಸಂಬಳ ಎಷ್ಟು ಅಂತ ಎಲ್ಲೂ ಬರೆದಿಲ್ವಲ್ಲ?"

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡು ಹಳೆಯ ಮೂರು ಬರಹಗಳನ್ನು ಮತ್ತೆ ಓದಿದಾಗ ನಮಗೆ ಹೊಳೆದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲನೆಯದು ಗಾಲಿಬನದು. ಉರ್ದು ಶಾಲೆಯಲ್ಲಿ ಓದಿದವರೆಲ್ಲರಿಗೂ ಅವನ ಒಂದು ಶೇರ್ ಗೊತ್ತು. ದೊರೆಗೆ ದೀರ್ಘಾಯುಷ್ಯ ಕೋರುವ ಶೇರ್ ಅದು. ಇಂದಿಗೂ ಹುಟ್ಟುಹಬ್ಬಕ್ಕೆ, ಮದುವೆಗೆ, ಸನ್ಮಾನ ಸಭೆಗೆ ಅದನ್ನೇ ಹೇಳುತ್ತಾರೆ. ಅದು ಯಾವ ಪದ್ಯದ ಕೊನೆಯಲ್ಲಿ ಬರುತ್ತದೆ ಎಂದು ಕೇಳುವವರು ಕಡಿಮೆ. ಅದು ಒಂದು ಸಂಬಳದ ಅರ್ಜಿಯ ಕೊನೆ. 1850ರಲ್ಲಿ ಬಹದ್ದೂರ್ ಷಾ ಜಫರ್ ತೈಮೂರ್ ವಂಶದ ಚರಿತ್ರೆ ಬರೆಯುವ ಕೆಲಸಕ್ಕೆ ಗಾಲಿಬನನ್ನು ನೇಮಿಸಿದ. ದೊಡ್ಡ ದೊಡ್ಡ ಬಿರುದುಗಳು ಸಿಕ್ಕವು. ಸಂಬಳ ತಿಂಗಳಿಗೆ 50 ರೂಪಾಯಿ. ಅದು ಕೈಗೆ ಬರುತ್ತಿದ್ದುದು ಮಾತ್ರ ಆರು ತಿಂಗಳಿಗೊಮ್ಮೆ. ಗಾಲಿಬ್ ಪದ್ಯದಲ್ಲೇ ಅರ್ಜಿ ಗುಜರಾಯಿಸಿದ. ಸತ್ತವರಿಗೆ ಆರು ತಿಂಗಳು ತುಂಬಿದಾಗ ಒಂದು ಸಲ ಫಾತಿಹಾ ಮಾಡಿಸುವ ವಾಡಿಕೆಯಿದೆಯಷ್ಟೆ. ಬದುಕಿರುವ ತನಗೆ ಅದು ವರ್ಷಕ್ಕೆ ಎರಡು ಸಲ ಆಗುತ್ತಿದೆಯಲ್ಲ ಎಂದು ನಗೆಯಾಡಿದ. ಸಂಬಳದ ಮೂರನೇ ಒಂದು ಪಾಲಿಗೆ ಸಾಹುಕಾರ ಪಾಲುದಾರನಾಗಿದ್ದಾನೆ ಎಂದು ಲೆಕ್ಕ ಕೊಟ್ಟ. ಚಳಿಗಾಲಕ್ಕೆ ತನಗೂ ಬಟ್ಟೆ ಬೇಕು, ರಾತ್ರಿ ಬೆಂಕಿ ಹಗಲು ಬಿಸಿಲು ಕಾಯಿಸಿಕೊಂಡು ಎಷ್ಟು ದಿನ ಇರಲಿ ಎಂದ. ಕೊನೆಗೆ, ಸಂಬಳ ತಿಂಗಳು ತಿಂಗಳು ಬರಲಿ ಎಂದು ಕೇಳಿ ದೊರೆಗೆ ಆಯುಷ್ಯ ಹಾರೈಸಿದ.

ನಾವು ಹಾರೈಕೆಯನ್ನು ಮಾತ್ರ ಬಾಯಿಪಾಠ ಮಾಡಿಕೊಂಡೆವು, ಅರ್ಜಿಯನ್ನು ಮರೆತೆವು. ಮುಶಾಯರಾಗಳಲ್ಲಿ ಗಾಲಿಬನ ಬಡತನವನ್ನು ಅವನ ರಸಿಕತೆಯ ಭಾಗವೆಂಬಂತೆ ಹೇಳಿ ನಗಿಸುವವರಿದ್ದಾರೆ. ಈ ಪದ್ಯದಲ್ಲಿ ಅವನು ತನ್ನ ಬಡತನವನ್ನು ಹೊಗಳಿಕೊಂಡಿಲ್ಲ. ಸಾಹುಕಾರನ ಪಾಲು ಹೇಳಿದ್ದಾನೆ, ವಿಳಂಬ ಹೇಳಿದ್ದಾನೆ, ವಿಳಂಬದಿಂದ ಬೆಳೆದ ಬಡ್ಡಿ ಹೇಳಿದ್ದಾನೆ. ಉರ್ದುವಿನ ಅತಿ ದೊಡ್ಡ ಕವಿಗೆ ಸಂಬಳದ ಮಾತು ಕಾವ್ಯಕ್ಕೆ ಕೀಳು ಎನ್ನಿಸಲಿಲ್ಲ.

ಎರಡನೆಯದು ಗೊಗೊಲ್‌ನ 'ಓವರ್‌ಕೋಟ್'. 1842ರಲ್ಲಿ ಪ್ರಕಟವಾದ ಕಥೆ. ಪೀಟರ್ಸ್‌ಬರ್ಗ್‌ನ ಒಂದು ಕಚೇರಿಯಲ್ಲಿ ಕಾಗದಗಳನ್ನು ನಕಲು ಮಾಡುವ ಅಕಾಕಿ ಅಕಾಕಿಯೆವಿಚ್‌ಗೆ ವರ್ಷಕ್ಕೆ 400 ರೂಬಲ್ ಸಂಬಳ. ಹೊಸ ಕೋಟಿಗೆ 80 ರೂಬಲ್. ಗೊಗೊಲ್ ಇಲ್ಲಿ ಅಂಗಡಿಯವನ ಹಾಗೆ ಲೆಕ್ಕ ಬರೆಯುತ್ತಾನೆ. ಅಕಾಕಿ ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದಿಲ್ಲ, ಬೂಟಿನ ಅಟ್ಟೆ ಸವೆಯದಿರಲೆಂದು ತುದಿಗಾಲಲ್ಲಿ ನಡೆಯುತ್ತಾನೆ. ಕಚೇರಿಯ ಕೆಲಸವನ್ನು ಮನೆಗೂ ತಂದು ಪ್ರೀತಿಯಿಂದ ಬರೆಯುವ ಮನುಷ್ಯ ಅವನು. ಆದರೆ ಆ ಪ್ರೀತಿಗೆ ಕೋಟು ಬರುವುದಿಲ್ಲ. ಅವನು ಸತ್ತು ಮಣ್ಣಾದ ಮೇಲೆ ನಾಲ್ಕನೇ ದಿನಕ್ಕೆ ಕಚೇರಿಗೆ ಸುದ್ದಿ ಮುಟ್ಟುತ್ತದೆ. ಮಾರನೆಯ ದಿನವೇ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ.

ಮೂರನೆಯದು ಅಮೆರಿಕದ ಹರ್ಮನ್ ಮೆಲ್ವಿಲ್‌ನದು. ಅವನ 'ಬಾರ್ಟಲ್‌ಬಿ' 1853ರದು. ನ್ಯೂಯಾರ್ಕಿನ ವಕೀಲನೊಬ್ಬನ ಕಚೇರಿಯಲ್ಲಿ ನಕಲುಗಾರನಾಗಿ ಸೇರಿದ ಬಾರ್ಟಲ್‌ಬಿ ಒಂದು ದಿನ ಇದ್ದಕ್ಕಿದ್ದಂತೆ, ಬಹಳ ವಿನಯದಿಂದ, ಒಂದು ಕೆಲಸವನ್ನು ಒಲ್ಲೆ ಎನ್ನುತ್ತಾನೆ. ವಿಮರ್ಶಕರು ಇದರಲ್ಲಿ ಅಸ್ತಿತ್ವದ ಒಂಟಿತನ ಕಂಡಿದ್ದಾರೆ, ಬದುಕಿನ ಅಸಂಗತತೆ ಕಂಡಿದ್ದಾರೆ. ಆ ಹುಡುಗಿಯ ಪ್ರಶ್ನೆ ಕಿವಿಯಲ್ಲಿದ್ದ ನಮಗೆ ಬೇರೊಂದು ಕಂಡಿತು. ಅವನ ಕೂಲಿ ನೂರು ಪದಕ್ಕೆ ನಾಲ್ಕು ಸೆಂಟ್. ಅವನು ಮೊದಲು ಒಲ್ಲೆ ಎಂದದ್ದು ನಕಲನ್ನಲ್ಲ. ನಕಲು ಮಾಡಿದ್ದನ್ನು ಇತರರೊಡನೆ ಕೂತು ಓದಿ ತಾಳೆ ನೋಡುವ ಕೆಲಸವನ್ನು. ಅದು ಎಲ್ಲ ನಕಲುಗಾರರೂ ಮಾಡಬೇಕಾದ ರೂಢಿ ಎಂದು ವಕೀಲ ಹೇಳುತ್ತಾನೆ. ಪದದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ತಾಳೆ ನೋಡುವ ಹೊತ್ತಿನಲ್ಲಿ ಏನೂ ಹುಟ್ಟುವುದಿಲ್ಲ. ಕಥೆಯ ಕೊನೆಗೆ ಇನ್ನೊಂದು ಸುಳಿವು ಬರುತ್ತದೆ: ವಿಳಾಸಕ್ಕೆ ತಲುಪದ ಪತ್ರಗಳ ಕಚೇರಿಯಲ್ಲಿ ಅವನು ಮೊದಲು ಕೆಲಸಕ್ಕಿದ್ದನಂತೆ, ಆಡಳಿತ ಬದಲಾದಾಗ ಅವನನ್ನು ತೆಗೆದುಹಾಕಿದರಂತೆ. ಕಥೆಯ ಕಥೆಗಾರ ಮಾಲೀಕನೇ ಆದರೂ ಮೆಲ್ವಿಲ್ ಆ ಮಾಲೀಕನ ಬಾಯಿಂದಲೇ ಕೂಲಿಯ ದರ ಹೇಳಿಸಿದ್ದಾನೆ.

ಮೂರೂ ಬರಹಗಳು ಸುಮಾರು ಹತ್ತು ವರ್ಷಗಳ ಅಂತರದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂರು ಊರುಗಳಲ್ಲಿ ಹುಟ್ಟಿದವು. ಮೂರರಲ್ಲೂ ಅಂಕಿ ಇದೆ.

ಇನ್ನು ನಮ್ಮ ಕಡೆ ನೋಡೋಣ. ಕನ್ನಡದಲ್ಲಿ ಕಚೇರಿಯ ಒಳಗನ್ನು ಆಳವಾಗಿ ತೋರಿಸಿದ ಕಾದಂಬರಿ ಎಂದರೆ ಯಶವಂತ ಚಿತ್ತಾಲರ 'ಶಿಕಾರಿ' (1979). ಅದು ದೊಡ್ಡ ಕಂಪನಿಯ ದೊಡ್ಡ ಅಧಿಕಾರಿಯೊಬ್ಬನ ತಳಮಳದ ಕಥೆ. ನಮ್ಮ ಸಣ್ಣಕಥೆಗಳಲ್ಲಿ ಗುಮಾಸ್ತ ಬಂದಾಗ ಹೆಚ್ಚಾಗಿ ಲಂಚಕೋರನಾಗಿ ಬಂದ, ಇಲ್ಲವೇ ನಗೆಪಾಟಲಿನವನಾಗಿ ಬಂದ. ಅವನ ನೌಕರಿ ಕಾಯಂ ಎಂಬುದನ್ನು ಯಾರೂ ಪ್ರಶ್ನಿಸಲಿಲ್ಲ. ಮುಸ್ಲಿಂ ಕಥೆಗಾರರಾದ ನಾವು ಮನೆ, ಮಸೀದಿ, ಜಮಾತು, ತಲಾಖ್, ಕೋಮುಗಲಭೆಗಳನ್ನು ಬರೆದೆವು. ಬರೆಯಲೇಬೇಕಿತ್ತು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಆ ಮನೆಯೊಳಗಿನ ಹೆಣ್ಣಿನ ದನಿ ಜಗತ್ತಿಗೆ ಕೇಳಿಸಿತು. ಆ ಹೆಣ್ಣಿನ ಮಗಳು ಈಗ ಬಿ.ಕಾಂ. ಮುಗಿಸಿ ಬಸ್ಸು ಹತ್ತಿದ್ದಾಳೆ. ಅವಳು ಇಳಿದ ಕಡೆಗೆ ನಮ್ಮ ಕಥೆಗಳು ಇನ್ನೂ ಸರಿಯಾಗಿ ಹೋಗಿಲ್ಲ. ಹೋದಾಗಲೂ ನಮ್ಮ ಹಾಗೆ ಅವಳ ನಗುವನ್ನು ನೋಡಿ ವಾಪಸಾಗಿವೆ.

ಪ್ರಶ್ನೆ ಕೇಳಿದ ಆ ಹೆಣ್ಣುಮಗಳನ್ನು ನಾವು ಆಮೇಲೆ ಕೂರಿಸಿ ಕೇಳಿದೆವು. ಅವಳ ಕೈಗೆ ಬರುವುದು 12 ಸಾವಿರದ ಮೇಲೆ ಚಿಲ್ಲರೆ. ಅದೂ ತಿಂಗಳಿಗೊಮ್ಮೆ ಬರುವುದಿಲ್ಲ. "ಇಲಾಖೆಯಿಂದ ಬಿಲ್ ಪಾಸಾಗಿಲ್ಲ ಅಂತಾರೆ ಏಜೆನ್ಸಿಯವರು. ಏಜೆನ್ಸಿನ ಕೇಳಮ್ಮ ಅಂತಾರೆ ಆಫೀಸಿನವರು. ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತೆ ಸರ್, ಅಷ್ಟೊತ್ತಿಗೆ ಕೈಸಾಲ ಅಷ್ಟೇ ಆಗಿರುತ್ತೆ." ಭವಿಷ್ಯನಿಧಿಗೆ ನೌಕರನ ಪಾಲು ಶೇ. 12, ಮಾಲೀಕನ ಪಾಲೂ ಅಷ್ಟೇ ಎನ್ನುವುದು ಕಾನೂನು. ಎರಡೂ ಪಾಲನ್ನು ತನ್ನ ಸಂಬಳದಿಂದಲೇ ಮುರಿಯುತ್ತಾರೆ ಎನ್ನುವುದು ಅವಳ ದೂರು. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದರೆ ಕುರ್ಚಿ ಅದೇ, ಕಂಪ್ಯೂಟರ್ ಅದೇ, ಹುಡುಗಿಯೂ ಅವಳೇ. ಅವಳ ಸೇವೆಯ ಲೆಕ್ಕ ಮಾತ್ರ ಮತ್ತೆ ಒಂದನೇ ದಿನದಿಂದ ಶುರು. ಜೂನ್ ಬಂತೆಂದರೆ ಶಾಲಾ ಕಾಲೇಜಿನ ಪ್ರಮಾಣಪತ್ರಗಳ ರಾಶಿ. ರಜೆ ಹಾಕಿದ ಕಾಯಂ ನೌಕರರ ಕೆಲಸವೂ ಇವಳ ಮೇಜಿಗೇ ಬರುತ್ತದೆ. ಒಲ್ಲೆ ಎನ್ನುವ ಹಾಗಿಲ್ಲ. ಬಾರ್ಟಲ್‌ಬಿಗೆ ಇದ್ದಷ್ಟು ಧೈರ್ಯ ಇವಳಿಗೆ ದುಬಾರಿ.

ಗಾಲಿಬನ ಆರು ತಿಂಗಳು, ಇವಳ ಮೂರು ತಿಂಗಳು. ಗಾಲಿಬನಿಗೆ ಅರ್ಜಿ ಕೊಡಲು ಒಬ್ಬ ದೊರೆಯಾದರೂ ಇದ್ದ. ಅವನ ಅರ್ಜಿ ಫಲಿಸಿತು, ತಿಂಗಳ ಸಂಬಳ ಮಂಜೂರಾಯಿತು. ಇವಳು ಯಾರಿಗೆ ಕೊಡಬೇಕು? ಕೆಲಸ ಮಾಡಿಸಿಕೊಳ್ಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ್ದಾರೆ. ಆ ದೇವರ ಕೆಲಸವನ್ನು ಟೆಂಡರ್ ಕರೆದು ಕೊಟ್ಟ ಮೇಲೆ ಭಕ್ತರು ಯಾರ ಹತ್ತಿರ ದೂರು ಹೇಳಬೇಕೆಂದು ಕೆತ್ತಿಲ್ಲ.

ನ್ಯಾಯಾಲಯಗಳ ಬಾಗಿಲಿಗೂ ಇವರು ಹೋಗಿದ್ದಾರೆ. ಇಡೀ ದೇಶದ ತಾತ್ಕಾಲಿಕ ನೌಕರರ ಹಣೆಬರಹ ಬರೆದ ತೀರ್ಪು ನಮ್ಮ ರಾಜ್ಯದ ಮೊಕದ್ದಮೆಯಲ್ಲೇ ಬಂತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿಯ ಮೇಲೆ ದುಡಿದವರ ಉಮಾದೇವಿ ಪ್ರಕರಣದಲ್ಲಿ, ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ತಾನಾಗಿ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ಹೇಳಿತು. ಹಿಂಬಾಗಿಲ ನೇಮಕ ತಡೆಯುವುದು ಅದರ ಉದ್ದೇಶವಾಗಿತ್ತು. ಹತ್ತು ವರ್ಷ ದುಡಿದ ಕೆಲವರನ್ನು ಒಂದು ಸಲಕ್ಕೆ ಸಕ್ರಮಗೊಳಿಸುವ ದಾರಿಯನ್ನೂ ಅದು ಬಿಟ್ಟಿತ್ತು. ಇಲಾಖೆಗಳು ಆ ದಾರಿಯನ್ನು ಮರೆತು ತೀರ್ಪಿನ ಉಳಿದ ಭಾಗವನ್ನು ಗುರಾಣಿ ಮಾಡಿಕೊಂಡವು. 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ಹೀಗೆ ದುರ್ಬಳಕೆ ಮಾಡುವುದನ್ನು ಟೀಕಿಸಿತು. 2006 ನಮಗೆ ಇನ್ನೊಂದು ಕಾರಣಕ್ಕೂ ನೆನಪಿನ ವರ್ಷ. ಮುಸ್ಲಿಮರು ಕಾಯಂ ಸಂಬಳದ ನೌಕರಿಗಳಲ್ಲಿ ಎಷ್ಟು ಹಿಂದಿದ್ದಾರೆಂದು ಸಾಚಾರ್ ಸಮಿತಿ ಹೇಳಿದ್ದು ಅದೇ ನವೆಂಬರ್‌ನಲ್ಲಿ. ಓದಿ ಬನ್ನಿ ಎಂದು ನಮ್ಮ ಮಕ್ಕಳಿಗೆ ಎಲ್ಲರೂ ಹೇಳಿದರು. ಓದಿ ಬಂದವರಲ್ಲಿ ಎಷ್ಟೋ ಮಂದಿಗೆ ಸಿಕ್ಕಿದ್ದು ಕಾಯಂ ಇಲ್ಲದ ಕುರ್ಚಿ. ಅದೇ ಕುರ್ಚಿಯಲ್ಲಿ ದಲಿತರ, ಹಿಂದುಳಿದವರ ಮಕ್ಕಳೂ ಕೂತಿದ್ದಾರೆ.

ಇಷ್ಟೆಲ್ಲ ಇರುವಾಗ ನಾವು ಆ ಹುಡುಗಿಯ ಬಾಯಲ್ಲಿ ಸಬ್ರ್ ಇಟ್ಟು ಕಥೆ ಮುಗಿಸಿದ್ದೆವು. ಸಬ್ರ್ ದೊಡ್ಡ ಮಾತು. ಅದು ರೋಗದ ಮುಂದೆ, ಸಾವಿನ ಮುಂದೆ, ಕೈಮೀರಿದ ಕಷ್ಟದ ಮುಂದೆ ಇರಬೇಕಾದದ್ದು. ತಕ್ಕಡಿ ಹಿಡಿದವನ ಮೋಸದ ಮುಂದೆ ಸುಮ್ಮನಿರುವುದಕ್ಕೆ ಆ ಹೆಸರಿಲ್ಲ. ಅಳತೆಯಲ್ಲಿ ಕಡಿಮೆ ಕೊಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಮದ್ಯನ್ ಜನರಿಗೆ ಪ್ರವಾದಿ ಶುಐಬ್ ಹೇಳಿದ್ದು ತೂಕ ಪೂರ್ತಿ ಕೊಡಿ, ಜನರಿಗೆ ಸಲ್ಲಬೇಕಾದ್ದನ್ನು ಕಡಿಮೆ ಮಾಡಬೇಡಿ ಎಂದೇ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆನ್ನುವ ಹದೀಸ್ ನಮ್ಮ ಮಕ್ಕಳಿಗೂ ಗೊತ್ತು. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತಿಮ ದಿನ ತಾನೇ ವಾದಿಯಾಗಿ ನಿಲ್ಲುವುದಾಗಿ ಅಲ್ಲಾಹ್ ಹೇಳಿದ್ದಾನೆಂಬ ಹದೀಸ್ ಬುಖಾರಿಯಲ್ಲಿದೆ. ಆದರೂ ಶುಕ್ರವಾರದ ಭಾಷಣಗಳಲ್ಲಿ ದುಡಿಯುವವರಿಗೆ ಸಬ್ರ್ ಬೋಧಿಸಿದ್ದನ್ನು ನಾವು ಕೇಳಿರುವಷ್ಟು, ದುಡಿಸಿಕೊಳ್ಳುವವರಿಗೆ ಈ ಮಾತು ಹೇಳಿದ್ದನ್ನು ಕೇಳಿಲ್ಲ. ನಮ್ಮವರೇ ನಡೆಸುವ ಶಾಲೆ, ಟ್ರಸ್ಟುಗಳ ಕಚೇರಿಗಳಲ್ಲೂ 'ಖಿದ್ಮತ್' ಎಂಬ ಹೆಸರಿನಲ್ಲಿ ಅರ್ಧ ಸಂಬಳಕ್ಕೆ ದುಡಿಯುವ ಹುಡುಗರಿದ್ದಾರೆ. ಸರ್ಕಾರವನ್ನು ಬೈದು ಇದನ್ನು ಬಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ.

ಕನ್ನಡದ ಕಡೆಯಿಂದ ಬರುವ ಮಾತು 'ಕಾಯಕ'. ಅದರ ಫಲಕ ಇಲ್ಲದ ಕಚೇರಿ ಕಡಿಮೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಂದಕ್ಕೆ ಸುರಿದು ಬರಲು ಹೇಳಿದ ಪ್ರಸಂಗವನ್ನು ಬಡವರಿಗೆ ತೃಪ್ತಿಯ ಪಾಠವಾಗಿ ಹೇಳುವುದುಂಟು. ಲಕ್ಕಮ್ಮ ಬೇಡ ಎಂದದ್ದು ಹೆಚ್ಚುವರಿಯನ್ನು. ಅಂದಿನ ಊಟಕ್ಕೆ ಬೇಕಾದ ಅಕ್ಕಿಯನ್ನು ಮಧ್ಯದಲ್ಲಿ ಯಾರಾದರೂ ಮುರಿದುಕೊಂಡಿದ್ದರೆ ಆಕೆ ಸುಮ್ಮನಿರುತ್ತಿದ್ದಳೆಂದು ನಂಬಲು ನಮಗೆ ಆಗುವುದಿಲ್ಲ. ಕಾಯಕದ ಮಾತನ್ನು ಮೇಲಿನ ಕುರ್ಚಿಗಳ ಕಡೆ ತಿರುಗಿಸಿ ಓದುವುದು ಹೆಚ್ಚು ನ್ಯಾಯ.

ಆ ಹಳೆಯ ಕಥೆಯನ್ನು ಈಗ ಮತ್ತೆ ಕೈಗೆತ್ತಿಕೊಂಡಿದ್ದೇವೆ. ಮೊದಲ ಪುಟದಲ್ಲೇ ಹುಡುಗಿಯ ಸಂಬಳ ಬರೆದೆವು, ಅದು ಯಾವ ತಿಂಗಳಿನಿಂದ ಬಂದಿಲ್ಲವೆಂದೂ ಬರೆದೆವು. ಬರೆದ ಕೂಡಲೇ ಕಥೆ ನಮ್ಮ ಮಾತು ಕೇಳದಾಯಿತು. ಅಂಕಿಯ ಹಿಂದೆ ಮನೆ ಬಾಡಿಗೆ ಬಂತು, ಅಮ್ಮೀಜಾನಳ ಸಕ್ಕರೆ ಕಾಯಿಲೆಯ ಮಾತ್ರೆ ಬಂತು, ಕೈಸಾಲ ಕೊಟ್ಟ ಪಕ್ಕದ ಮನೆಯವರು ಬಂದರು. ಕಾಯಂ ನೌಕರನೊಬ್ಬ ತನ್ನ ಫೈಲನ್ನು ಅವಳ ಮೇಜಿನ ಮೇಲೆ ಇಟ್ಟು ಹೋಗುವ ದೃಶ್ಯ, ಮೊದಲು ಸಹಜವಾಗಿ ಕಂಡದ್ದು, ಈಗ ಹಾಗೆ ಕಾಣಲಿಲ್ಲ. ಕೊನೆಯ ನಗುವನ್ನು ಉಳಿಸಿಕೊಳ್ಳಲು ಬಹಳ ಹೆಣಗಿದೆವು. ಅದು ನಿಲ್ಲಲಿಲ್ಲ, ತೆಗೆದೆವು. ಅವಳು ಈಗ ಒಂದು ಬಿಳಿ ಹಾಳೆ ತೆಗೆದುಕೊಂಡು ಅರ್ಜಿ ಬರೆಯಲು ಕೂತಿದ್ದಾಳೆ. 'ಇವರಿಗೆ' ಎಂದು ಬರೆದಿದ್ದಾಳೆ. ಅದರ ಕೆಳಗೆ ಯಾರ ಹೆಸರು ಬರೆಯಬೇಕೆಂದು ಅವಳಿಗೂ ಗೊತ್ತಾಗಿಲ್ಲ, ನಮಗೂ ಗೊತ್ತಾಗಿಲ್ಲ. ಕಥೆ ಸದ್ಯಕ್ಕೆ ಅಲ್ಲಿಗೆ ನಿಂತಿದೆ.