ಇಸವಿ ಅಂಚಿನಲ್ಲಿದೆ

ಹಳೆಯ ಫೋಟೊ ಕೈಗೆ ಬಂದರೆ ಎಲ್ಲರ ಕಣ್ಣೂ ನಡುವೆ ಕೂತವರ ಮುಖಕ್ಕೇ ಹೋಗುತ್ತದೆ. ಇಸವಿ ಬೇಕಾದವರು ಮಾತ್ರ ಮೊದಲು ಅಂಚು ನೋಡಬೇಕು. ಮೈಸೂರಿನ ಚಿತ್ರಗಳಲ್ಲಂತೂ ಊರೇ ಪಂಚಾಂಗ.

ಮರದ ಅರಮನೆ ಕಂಡರೆ ಅದು 1897ರ ಬೆಂಕಿಗೆ ಮುಂಚಿನ ಚಿತ್ರ. ಈಗಿನ ಅರಮನೆ ಪೂರ್ತಿಯಾದದ್ದು 1912ರಲ್ಲಿ. ಪುರಭವನದ ಮುಂದಿನ ಬಯಲೆಲ್ಲ ಚಿತ್ರದಲ್ಲಿದ್ದೂ ದೊಡ್ಡ ಗಡಿಯಾರ ಇಲ್ಲವೆಂದರೆ 1927ಕ್ಕಿಂತ ಹಿಂದಿನದು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಕ್ರಾಫರ್ಡ್ ಹಾಲ್ ಬಂದದ್ದು 1947ರಲ್ಲಿ. ಅದರ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಪದವೀಧರರ ಚಿತ್ರವನ್ನು ಯಾರಾದರೂ ‘ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮುಂಚಿನದು’ ಎಂದರೆ ನಂಬಬೇಡಿ.

ಕಟ್ಟಡ ಒಂದು ಕಡೆಯ ಗಡಿ ಹಾಕಿದರೆ ಮನುಷ್ಯರು ಇನ್ನೊಂದು ಕಡೆಯದನ್ನು ಹಾಕುತ್ತಾರೆ. ಮಹಾರಾಜ ಕಾಲೇಜಿನ ಗ್ರೂಪ್ ಫೋಟೊದ ಕುರ್ಚಿ ಸಾಲಿನಲ್ಲಿ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರಿದ್ದರೆ ಅದು 1939ರ ಈಚಿನದಾಗಲಾರದು. ಅವರು ತೀರಿಕೊಂಡದ್ದೇ ಆ ವರ್ಷ.

ಕಾಗದವೂ ಮಾತಾಡುತ್ತದೆ. ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪಾದ ಭಾಗಗಳಲ್ಲಿ, ಅದರಲ್ಲೂ ಅಂಚಿನ ಸುತ್ತ, ನೀಲಿಛಾಯೆಯ ಬೆಳ್ಳಿ ಹೊಳಪು ಎದ್ದು ಕಂಡರೆ ಅದು ಸಾಮಾನ್ಯವಾಗಿ ಹಳೆಯ ಅಸಲಿ ಪ್ರತಿ. ಕಾಗದದೊಳಗಿನ ಬೆಳ್ಳಿಯೇ ವರ್ಷಗಳ ಮೇಲೆ ಹೊರಗೆ ಬಂದು ಕೂತಿರುತ್ತದೆ. ಸಾಲಿನಲ್ಲಿ ಒಂದು ಮುಖ ಮಾತ್ರ ಮಸುಕಾಗಿದೆಯೇ? ಕ್ಯಾಮೆರಾದ ಕಣ್ಣು ತೆರೆದಿದ್ದಾಗ ಆ ಹುಡುಗ ತಲೆ ಆಡಿಸಿದ್ದಾನೆ, ಅಷ್ಟೇ.

ಇದೆಲ್ಲ ಮೈಸೂರಿನವರ ಹವ್ಯಾಸ, ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೇಕೆ ಎನ್ನಬೇಡಿ. ಕವಿ ವಿ. ಸೀತಾರಾಮಯ್ಯನವರು ಹುಟ್ಟಿದ್ದು ನಮ್ಮ ಬೂದಿಗೆರೆಯಲ್ಲಿ, 1899ರಲ್ಲಿ. ಅವರಂತೆ ಈ ಕಡೆಯಿಂದ ಮೈಸೂರಿಗೆ ಓದಲು ಹೋದವರ ಕಾಲೇಜು ಫೋಟೊಗಳು ನಮ್ಮ ಮನೆಗಳ ಟ್ರಂಕಿನಲ್ಲೂ ಇದ್ದಾವು. ರಟ್ಟಿನ ಕೆಳಗೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಮೇಷ್ಟರುಗಳ ಹೆಸರು ಅಚ್ಚಾಗಿರುತ್ತದೆ. ತುದಿಯಲ್ಲಿ ಪೇಟ ಸುತ್ತಿ ನಿಂತ ಜವಾನನ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಕಟ್ಟಡದ ಇಸವಿಯನ್ನು ಎಂದಾದರೂ ಹುಡುಕಿಕೊಳ್ಳಬಹುದು. ಆ ಜವಾನ ಯಾರೆಂದು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ.

ಲ್ಯಾಮಿನೇಷನ್ ಮಾಡಿಸಬೇಡಿ, ಅಂಟಿನ ಆಲ್ಬಮ್ಮಿಗೆ ಹಾಕಬೇಡಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹೆಸರು ಬರೆಯಿರಿ. ಬಾಲ್ ಪೆನ್ ಬೇಡ. ಸ್ಕ್ಯಾನ್ ಮಾಡಿಸುವುದು ಮುಂದಿನ ತಿಂಗಳಾದರೂ ಆದೀತು. ಅಜ್ಜಿಯನ್ನು ಕೂರಿಸಿಕೊಂಡು ‘ಇವರು ಯಾರು’ ಎಂದು ಕೇಳುವುದು ಈ ಭಾನುವಾರವೇ ಆಗಲಿ.