ರುಪಿಯಾ ಕುಸಿದಾಗ ಉರಿದದ್ದು ಯಾರ ಅಂಗಡಿ?

ಆರ್ಥಿಕ ಕುಸಿತ ಒಂದು ಸರಕಾರವನ್ನು ಉರುಳಿಸಬಲ್ಲದು. ಆದರೆ ಆ ಸರಕಾರ ಸಾಕಿ ಬೆಳೆಸಿದ ವ್ಯವಸ್ಥೆಯೂ ಅದರೊಂದಿಗೆ ಉರುಳುತ್ತದೆಯೇ? ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಇಂಡೋನೇಷ್ಯಾದ 1998ರ ಅನುಭವವನ್ನು ನಾವು ಈ ಪ್ರಶ್ನೆಯೊಂದಿಗೆ ನೋಡಬೇಕಾಗಿದೆ.

ಜನರಲ್ ಸುಹಾರ್ತೊ ಅವರ ಆಡಳಿತ 32 ವರ್ಷ ನಡೆಯಿತು. 'ಅಭಿವೃದ್ಧಿಯ ಪಿತ' ಎಂಬುದು ಅವರಿಗಿದ್ದ ಬಿರುದು. ಅನ್ನ, ಶಾಲೆ, ರಸ್ತೆ ಕೊಡುತ್ತೇವೆ, ನೀವು ಸುಮ್ಮನಿರಿ ಎಂಬುದೇ ಆ ಆಡಳಿತದ ಅಲಿಖಿತ ಕರಾರು. ಬಡತನ ಇಳಿದದ್ದು ಸುಳ್ಳಲ್ಲ. ಆದರೆ ಪರವಾನಗಿ, ಗುತ್ತಿಗೆ, ಬ್ಯಾಂಕುಗಳು ಮಕ್ಕಳ ಮತ್ತು ಆಪ್ತರ ಪಾಲಾದವು. 1997ರ ಮಧ್ಯಭಾಗದಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ, ಮರುವರ್ಷ ಜನವರಿಯಲ್ಲಿ 10,000 ದಾಟಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿನಂತೆ 16 ಬ್ಯಾಂಕುಗಳು ಮುಚ್ಚಿದವು. ಉಳಿದ ಬ್ಯಾಂಕುಗಳ ಮುಂದೆಯೂ ಜನ ಮುಗಿಬಿದ್ದರು. ಮೇ ತಿಂಗಳಲ್ಲಿ ಇಂಧನ ಬೆಲೆ ಏರಿತು. 12ರಂದು ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 21ರಂದು ಸುಹಾರ್ತೊ ರಾಜೀನಾಮೆ ಕೊಟ್ಟರು.

ಈ ಎರಡು ದಿನಾಂಕಗಳ ನಡುವೆ ಜಕಾರ್ತಾದಲ್ಲಿ ಚೀನೀ ಮೂಲದವರ ಅಂಗಡಿಗಳು ಉರಿದವು, ಅವರ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರಗಳು ನಡೆದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ಉರಿಯುವ ಮಳಿಗೆಗಳೊಳಗೆ ಸಿಕ್ಕಿಬಿದ್ದ ನಗರದ ಬಡವರು. ಸುಹಾರ್ತೊ ಆಡಳಿತ ಬೆರಳೆಣಿಕೆಯ ಚೀನೀ ಉದ್ಯಮಿಗಳನ್ನು ಪೋಷಿಸುತ್ತಲೇ, ಆ ಸಮುದಾಯದ ಶಾಲೆಗಳನ್ನು ಮುಚ್ಚಿಸಿ, ಹಬ್ಬಗಳ ಬಹಿರಂಗ ಆಚರಣೆಯನ್ನು ನಿಷೇಧಿಸಿತ್ತು. ಕುಸಿತದ ಸಿಟ್ಟು ಅರಮನೆಯನ್ನು ಬಿಟ್ಟು ಪಕ್ಕದ ಅಂಗಡಿಯತ್ತ ತಿರುಗಲು ಇದಕ್ಕಿಂತ ಸಿದ್ಧತೆ ಬೇಕೇ? ಇಲ್ಲಿ ಅಲ್ಪಸಂಖ್ಯಾತರಾದ ನಮಗೆ ಈ ತಂತ್ರ ಹೊಸದಲ್ಲ. ಆದ್ದರಿಂದಲೇ, ಬಹುಸಂಖ್ಯಾತರು ನಮ್ಮ ಧರ್ಮದವರೇ ಆದಾಗಲೂ ಅದನ್ನು ಅನ್ಯಾಯವೆಂದು ಹೇಳುವ ಹೊಣೆ ನಮ್ಮದು.

ಬದಲಾವಣೆಯೇ ಆಗಲಿಲ್ಲವೆನ್ನಲಾಗದು. 1999ರಲ್ಲಿ ಮುಕ್ತ ಚುನಾವಣೆ ನಡೆಯಿತು, ಜಿಲ್ಲೆಗಳಿಗೆ ಅಧಿಕಾರ ಹಂಚುವ ಕಾನೂನು ಬಂತು. 2004ರಲ್ಲಿ ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸಿದರು. ಧಾರ್ಮಿಕ ವಿದ್ವಾಂಸರೂ ಆಗಿದ್ದ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ 2000ದಲ್ಲಿ ಚೀನೀ ಆಚರಣೆಗಳ ಮೇಲಿನ ನಿಷೇಧ ತೆಗೆದರು. ಆದರೆ ಮುಳುಗಿದ ಬ್ಯಾಂಕುಗಳ ಹೊರೆ ಬಿದ್ದದ್ದು ಸಾರ್ವಜನಿಕ ಬೊಕ್ಕಸದ ಮೇಲೆ. ಹಳೆಯ ಶ್ರೀಮಂತ ಮನೆತನಗಳಲ್ಲಿ ಹಲವು ಹೊಸ ಪಕ್ಷಗಳೊಳಗೆ ನೆಲೆ ಕಂಡುಕೊಂಡವು. ಸುಹಾರ್ತೊ ಅವರ ಮಾಜಿ ಅಳಿಯ ಪ್ರಬೊವೊ 2024ರಲ್ಲಿ ಅಧ್ಯಕ್ಷರಾದರು. 2025ರ ನವೆಂಬರಿನಲ್ಲಿ ಸುಹಾರ್ತೊ ಅವರಿಗೂ ವಾಹಿದ್ ಅವರಿಗೂ ಒಟ್ಟಿಗೇ 'ರಾಷ್ಟ್ರವೀರ' ಗೌರವ ಸಂದಿತು.

ನಿಷೇಧ ಹೇರಿದವರೂ ಅದನ್ನು ತೆಗೆದವರೂ ಒಂದೇ ಪಟ್ಟಿಯಲ್ಲಿ! ಅನ್ನ ಕೊಟ್ಟವನನ್ನು ಪ್ರಶ್ನಿಸಬಾರದೆಂಬ ಆ ಹಳೆಯ ಕರಾರು ಇನ್ನೂ ಜೀವಂತವಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಅಭಿವೃದ್ಧಿಯ ಅಂಕಿಗಳನ್ನು ನಮ್ಮ ಮುಂದಿಡುವ ಯಾವುದೇ ಸರಕಾರವನ್ನು ನಾವು ಕೇಳಬೇಕಾದದ್ದು ಇಷ್ಟೇ: ಇದು ಕುಸಿದ ದಿನ ನಷ್ಟ ಕಟ್ಟುವವರು ಯಾರು, ಏಟು ತಿನ್ನುವವರು ಯಾರು?